ಓದುವುದು, ಒಪ್ಪಿಸುವುದು

ಮಗನನ್ನು ಯಾವ ಶಾಲೆಗೆ ಹಾಕಬೇಕು ಎನ್ನುವುದು ನೈತಿಕ ಪ್ರಶ್ನೆ ಎಂದು ನನಗೆ ಮೊದಲಿಗೆ ಅನ್ನಿಸಿರಲಿಲ್ಲ. ಮನೆಯಿಂದ ಎಷ್ಟು ದೂರ, ಫೀಸು ಎಷ್ಟು, ವ್ಯಾನು ಬಾಗಿಲಿಗೆ ಬರುತ್ತದೋ ಇಲ್ಲವೋ, ಇಷ್ಟು ಲೆಕ್ಕ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಅವನು ಎರಡನೇ ತರಗತಿಗೆ ಬರುವಷ್ಟರಲ್ಲಿ ಆ ಲೆಕ್ಕ ತಪ್ಪಿತು. ತಿಂಗಳಿಗೊಮ್ಮೆ ಡೈರಿಯಲ್ಲಿ ಕೆಂಪು ಶಾಯಿಯ ಟಿಪ್ಪಣಿ ಬರತೊಡಗಿತು. ಕೂತಲ್ಲಿ ಕೂರುವುದಿಲ್ಲ, ಬೋರ್ಡಿನಿಂದ ಬರೆದುಕೊಳ್ಳುವುದಿಲ್ಲ, ಪಕ್ಕದವನನ್ನು ಮಾತಾಡಿಸುತ್ತಾನೆ. ಆ ಟೀಚರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆಕೆಯ ತರಗತಿಯಲ್ಲಿ 48 ಮಕ್ಕಳಿದ್ದರು. ಒಬ್ಬೊಬ್ಬರಿಗೆ ಒಂದು ನಿಮಿಷ ಕೊಟ್ಟರೂ ಒಂದು ಪೀರಿಯಡ್ ಮುಗಿಯುತ್ತದೆ.

ಅದೇ ಹೊತ್ತಿಗೆ ಗೆಳೆಯನೊಬ್ಬ ಊರಾಚೆಯ ಒಂದು ಶಾಲೆಯ ವಿಷಯ ಹೇಳಿದ. ಅಲ್ಲಿ ಪರೀಕ್ಷೆ ಇಲ್ಲ, ಯೂನಿಫಾರಂ ಇಲ್ಲ. ಮಕ್ಕಳು ಮಣ್ಣು ಕಲಸುತ್ತಾರೆ, ಮರ ಕೊಯ್ಯುತ್ತಾರೆ, ನೂಲು ನೇಯುತ್ತಾರೆ, ತರಕಾರಿ ಬೆಳೆಯುತ್ತಾರೆ. ಕಲಿಕೆಯೆಲ್ಲ ಕೈಯಿಂದಲೇ ಶುರು. ಕೇಳುತ್ತಿದ್ದಂತೆ ನನ್ನ ಮನಸ್ಸು ಅಲ್ಲಿಗೆ ಹೊರಟುಬಿಟ್ಟಿತ್ತು. ಕಾಲೇಜಿನಲ್ಲಿದ್ದಾಗ ‘ತೊತ್ತೋ-ಚಾನ್’ನ ಕನ್ನಡ ಅನುವಾದ ಓದಿ ಎಷ್ಟೋ ದಿನ ಅದರ ಗುಂಗಿನಲ್ಲಿದ್ದವನು ನಾನು. ಮೊದಲ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ, ರೈಲು ಬೋಗಿಗಳೇ ತರಗತಿಗಳಾದ ಇನ್ನೊಂದು ಶಾಲೆ, ಅವಳ ಮಾತನ್ನು ಗಂಟೆಗಟ್ಟಲೆ ಕೇಳುವ ಮುಖ್ಯೋಪಾಧ್ಯಾಯ ಕೊಬಾಯಾಶಿ. ನನ್ನ ಮಗನಿಗೂ ಅಂಥದ್ದೊಂದು ಸಿಕ್ಕಿದರೆ! ಹಾಗೆ ಆಸೆಪಡುವಾಗ ಒಂದು ಮಾತು ಮರೆತಿದ್ದೆ. 1981ರಲ್ಲಿ ಬಂದ ಆ ಪುಸ್ತಕವನ್ನು ಬರೆದವಳು ಆ ಶಾಲೆ ಒಗ್ಗಿದ ಹುಡುಗಿ. ಒಗ್ಗದ ಮಕ್ಕಳು ಪುಸ್ತಕ ಬರೆಯುವುದು ಕಡಿಮೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ನನ್ನಪ್ಪ ಬಡಗಿ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ನಲವತ್ತು ವರ್ಷ ನೇಗಿಲು, ಕುಂಟೆ, ಕೂರಿಗೆ, ಬಾಗಿಲ ಚೌಕಟ್ಟು ಮಾಡಿದವನು. ಶುರುವಿನ ವರ್ಷಗಳಲ್ಲಿ ಕೂಲಿ ದುಡ್ಡಿನಲ್ಲಿ ಬರುತ್ತಿರಲಿಲ್ಲ, ಸುಗ್ಗಿಯಲ್ಲಿ ಆಯದ ರಾಗಿಯಾಗಿ ಬರುತ್ತಿತ್ತು. ಮೂರನೇ ತರಗತಿಗೆ ಶಾಲೆ ಬಿಟ್ಟವನು. ‘ಓದು ತಲೆಗೆ ಹತ್ತಲಿಲ್ಲ’ ಎಂದು ತಾತ ಕೈಗೆ ಉಳಿ ಕೊಟ್ಟನಂತೆ. ಅದೇ ಅಪ್ಪ ನಾನು ಚಿಕ್ಕವನಿದ್ದಾಗ ಕೊಡತಿ ಮುಟ್ಟಿದರೆ ಗದರುತ್ತಿದ್ದ. ‘ಪುಸ್ತಕ ಹಿಡಿ, ಇದನ್ನಲ್ಲ’ ಎನ್ನುತ್ತಿದ್ದ. ಅವನು ಕೊಡತಿಯನ್ನು ನನ್ನಿಂದ ದೂರ ಇಟ್ಟಿದ್ದರಿಂದಲೇ ನಾನು ಇವತ್ತು ಬ್ಯಾಂಕಿನ ಕುರ್ಚಿಯಲ್ಲಿ ಕೂತಿದ್ದೇನೆ.

ನಾನು ಹೇಳಿದ್ದನ್ನೆಲ್ಲ ಕೇಳಿ ಅವನು ಕೇಳಿದ್ದು ಒಂದೇ ಮಾತು: ‘ಮರಗೆಲ್ಸ ಕಲ್ಸಕ್ಕೆ ವರ್ಷಕ್ಕೆ ಎಷ್ಟು ಇಸ್ಕಂತಾರೆ?’ ನನ್ನ ಎರಡೂವರೆ ತಿಂಗಳ ಸಂಬಳ ಎಂದೆ. ಅವನು ನಗಲಿಲ್ಲ. ನಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆ ರಾತ್ರಿಯಿಂದ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೈಕೆಲಸ ಎನ್ನುವ ಒಂದೇ ಪದ ನಮ್ಮ ಸಮಾಜದಲ್ಲಿ ಎರಡು ಬೇರೆ ಬೇರೆ ವಸ್ತುಗಳ ಹೆಸರು. ಒಂದು, ಬೇರೆ ದಾರಿಯೇ ಇಲ್ಲದವನು ಮಾಡುವುದು. ಇನ್ನೊಂದು, ಎಲ್ಲ ದಾರಿಗಳೂ ಇರುವವನು ಇಷ್ಟಪಟ್ಟು ಮಾಡುವುದು. ಉಳಿ ಅದೇ, ಮರ ಅದೇ, ಬೆರಳಿಗಾಗುವ ಗಾಯವೂ ಅದೇ.

ಈ ಗೊಂದಲ ನನ್ನದೊಂದೇ ಮನೆಯದಲ್ಲ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ತಮ್ಮ ‘ನಯೀ ತಾಲೀಮ್’ ಯೋಜನೆಯನ್ನು ಮುಂದಿಟ್ಟರು. ಜಾಕಿರ್ ಹುಸೇನ್ ಅವರ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. ಕಸುಬನ್ನು ಒಂದು ಹೆಚ್ಚುವರಿ ವಿಷಯವಾಗಿ ಕಲಿಸುವುದು ಅವರ ಉದ್ದೇಶವಾಗಿರಲಿಲ್ಲ. ನೂಲುವುದರ ಮೂಲಕವೇ ಲೆಕ್ಕ, ಭಾಷೆ, ಭೂಗೋಳ ಎಲ್ಲವನ್ನೂ ಕಲಿಸಬೇಕು, ಅದೂ ಎಲ್ಲ ಜಾತಿಯ ಎಲ್ಲ ಮಕ್ಕಳಿಗೂ ಎನ್ನುವುದು ಅದರ ತಿರುಳು. ಯಾರ ಕೈಯೂ ಕೀಳಲ್ಲ ಎಂದು ಹೇಳುವ ಯೋಜನೆ ಅದು.

ಅದಾಗಿ ಹದಿನಾರು ವರ್ಷಕ್ಕೆ, 1953ರಲ್ಲಿ, ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಇನ್ನೊಂದು ಯೋಜನೆ ತಂದರು. ದಕ್ಷಿಣ ಕನ್ನಡವೂ ಆಗ ಅದೇ ರಾಜ್ಯದಲ್ಲಿತ್ತು. ಹಳ್ಳಿಯ ಪ್ರಾಥಮಿಕ ಶಾಲೆಗಳು ದಿನಕ್ಕೆ ಮೂರು ತಾಸು ಮಾತ್ರ ನಡೆಯಬೇಕು, ಉಳಿದ ಹೊತ್ತು ಮಗು ಮನೆಯಲ್ಲಿ ಅಪ್ಪನ ಕಸುಬು ಕಲಿಯಬೇಕು ಎನ್ನುವುದು ಅದರ ಸಾರ. ಶಾಲೆಗಳು ಸಾಲವು, ಮೇಷ್ಟರುಗಳು ಸಾಲರು, ಪಾಳಿಯಲ್ಲಿ ನಡೆಸಿದರೆ ಇಮ್ಮಡಿ ಮಕ್ಕಳು ಕಲಿಯಬಹುದು ಎಂಬ ಆಡಳಿತದ ತರ್ಕವೂ ಅದಕ್ಕಿತ್ತು. ಜನ ಅದನ್ನು ‘ಕುಲ ಕಲ್ವಿ’, ಎಂದರೆ ಕುಲಕಸುಬಿನ ಶಿಕ್ಷಣ ಎಂದು ಕರೆದು ತಿರುಗಿಬಿದ್ದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಅವರ ನಂತರ ಬಂದ ಕಾಮರಾಜ್ ಅದನ್ನು ಕೈಬಿಟ್ಟರು. ಎರಡೂ ಯೋಜನೆಗಳು ಕೈಕೆಲಸವನ್ನು ಹೊಗಳಿದವು. ಒಂದು ಎಲ್ಲರ ಕೈಗೂ ಒಂದೇ ಕೆಲಸ ಕೊಡಲು ನೋಡಿತು. ಇನ್ನೊಂದು, ಉದ್ದೇಶ ಏನೇ ಇರಲಿ, ಕ್ಷೌರಿಕನ ಮಗನ ಕೈಗೆ ಕತ್ತರಿಯನ್ನೇ ಮತ್ತೆ ಕೊಡುವಂತಿತ್ತು. ನನ್ನಪ್ಪ ನಗದೇ ಇದ್ದದ್ದಕ್ಕೆ ಈ ಎರಡನೆಯದು ಕಾರಣ. ಅವನಿಗೆ ರಾಜಾಜಿಯ ಯೋಜನೆ ಗೊತ್ತಿರಲಿಲ್ಲ, ಆದರೆ ಅದರೊಳಗೇ ಬೆಳೆದವನಂತೆ ಅವನು ಬದುಕಿದ್ದ.

ಹಾಗೆಂದು ಕೈಯಿಂದ ಕಲಿಯುವ ಶಾಲೆ ಉಳ್ಳವರ ಶೋಕಿ ಎಂದು ತಳ್ಳಿಹಾಕುವಂತೆಯೂ ಇಲ್ಲ. ನಮ್ಮ ಕೋಲಾರ ಜಿಲ್ಲೆಯಲ್ಲೇ 1972ರಲ್ಲಿ ಡೇವಿಡ್ ಹಾರ್ಸ್‌ಬರೋ ‘ನೀಲ್‌ಬಾಗ್’ ಶಾಲೆ ಕಟ್ಟಿದರು. ಅಲ್ಲಿಗೆ ಬರುತ್ತಿದ್ದದ್ದು ಸುತ್ತಲಿನ ಹಳ್ಳಿಯ ಮಕ್ಕಳು. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂತು, ಪರೀಕ್ಷೆಯ ಹೆದರಿಕೆ ಇಲ್ಲದೆ, ಮರಗೆಲಸ, ಮಣ್ಣಿನ ಕೆಲಸ, ಸಂಗೀತದ ಜೊತೆಗೆ ಹಲವು ಭಾಷೆಗಳನ್ನೂ ಗಣಿತವನ್ನೂ ಕಲಿಯುತ್ತಿದ್ದರು. ಅಲ್ಲಿ ಕೈಕೆಲಸ ಓದಿನ ಬದಲಿಗೆ ಬಂದದ್ದಲ್ಲ, ಓದಿನ ಜೊತೆಗೆ ಬಂದದ್ದು. ಈ ‘ಬದಲಿಗೆ’ ಮತ್ತು ‘ಜೊತೆಗೆ’ಗಳ ನಡುವೆ ಇರುವ ಅಂತರ ಎಷ್ಟು ಎನ್ನುವುದು ನನಗೆ ಅರ್ಥವಾಗಿದ್ದು ನಮ್ಮ ಮನೆಯ ನಡುಮನೆಯಲ್ಲಿ.

ಅಪ್ಪ ಬಂದು ನಮ್ಮ ಜೊತೆ ಹದಿನೈದು ದಿನ ಇದ್ದ. ಒಂದು ಸಂಜೆ ಮಗ ಕನ್ನಡ ಪಾಠ ಓದುತ್ತಿದ್ದ. ಸರಾಗವಾಗಿ, ಬೆರಳು ಇಟ್ಟುಕೊಂಡು, ಒಂದೂ ತಪ್ಪಿಲ್ಲದೆ. ನಾನು ಮೊಬೈಲು ನೋಡುತ್ತ ‘ಹೂಂ, ಮುಂದೆ’ ಎನ್ನುತ್ತಿದ್ದೆ. ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದವನು ಮೆಲ್ಲಗೆ ಕೈ ಚಾಚಿ ಪುಟ ಮಗುಚಿದ. ಮಗ ಓದುತ್ತಲೇ ಇದ್ದ. ಹಿಂದಿನ ಪುಟದ ಸಾಲುಗಳನ್ನೇ. ಬೆರಳು ಹೊಸ ಪುಟದ ಮೇಲೆ ಓಡುತ್ತಿತ್ತು.

‘ಅವ್ನು ಓದ್ತಾ ಇಲ್ಲ ಕಣಪ್ಪ, ಒಪ್ಪುಸ್ತಾ ಅವ್ನೆ’ ಎಂದ ಅಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನೂ ಹಿಂಗೇ ಮಾಡ್ತಿದ್ದೆ’ ಎಂದ.

ಎರಡು ವರ್ಷ ಶಾಲೆಯ ಫೀಸು ಕಟ್ಟಿದ ನಾನು, ಪಾಠ ಕೇಳಿಸಿಕೊಂಡ ಅವನ ಅಮ್ಮ, ಮಾರ್ಕು ಹಾಕಿದ ಟೀಚರು, ಯಾರ ಕಣ್ಣಿಗೂ ಬೀಳದ್ದು ಓದಲು ಬಾರದ ಮನುಷ್ಯನ ಕಣ್ಣಿಗೆ ಬಿದ್ದಿತ್ತು. ಆ ಉಪಾಯ ಅವನಿಗೆ ಗೊತ್ತಿತ್ತು. ಅರವತ್ತು ವರ್ಷದ ಹಿಂದೆ ಒಬ್ಬ ಹುಡುಗನಿಗೆ ಓದು ಯಾಕೆ ಹತ್ತುತ್ತಿಲ್ಲ ಎಂದು ಯಾರೂ ಕೇಳಿರಲಿಲ್ಲ. ಉಳಿ ಕೈಗಿತ್ತು ಕಳಿಸಿದ್ದರು. ಅವನ ಕೈ ಚೆನ್ನಾಗಿತ್ತು, ಆದ್ದರಿಂದ ಆ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಯಿತು.

ಮುಂದಿನ ವಾರ ನಾವು ನಾಲ್ವರೂ ಆ ಹೊಸ ಶಾಲೆ ನೋಡಲು ಹೋದೆವು. ಮಗ ನೇರವಾಗಿ ಮರಗೆಲಸದ ಕೊಠಡಿ ಹೊಕ್ಕವನು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ಒಂದು ಪಟ್ಟಿಯನ್ನು ಕೊಯ್ದು, ಉಜ್ಜಿ, ಮೂಲೆಮಟ್ಟ ಇಟ್ಟು ನೋಡಿ, ಮತ್ತೆ ಉಜ್ಜಿದ. ಕೂತಲ್ಲಿ ಕೂರುವುದಿಲ್ಲ ಎಂದು ಡೈರಿಯಲ್ಲಿ ಬರೆಸಿಕೊಂಡ ಹುಡುಗ ಎರಡು ಗಂಟೆ ಒಂದೇ ಕಡೆ ನಿಂತಿದ್ದ. ಹೆಂಡತಿ ನನ್ನ ಕಡೆ ನೋಡಿದಳು. ಆ ಕ್ಷಣದಲ್ಲೇ ಅರ್ಜಿ ತುಂಬುತ್ತಿದ್ದೆವೇನೋ.

ಅಪ್ಪ ಒಂದು ಉಳಿ ಎತ್ತಿಕೊಂಡು ಹೆಬ್ಬೆರಳಿನಿಂದ ಅದರ ಅಲಗು ಸವರಿದ. ‘ಮೊಂಡಾಗೈತಲ್ಲ ಮೇಷ್ಟ್ರೇ’ ಎಂದ. ಮಕ್ಕಳ ಕೈಗೆ ಗಾಯವಾಗದಿರಲಿ ಎಂದು ಹಾಗೇ ಬಿಟ್ಟಿದ್ದೇವೆ ಎಂದರು ಅಲ್ಲಿದ್ದ ಶಿಕ್ಷಕರು. ‘ಮೊಂಡು ಉಳೀಲೇ ಗಾಯ ಜಾಸ್ತಿ. ಬಲ ಹಾಕ್ಬೇಕಾಗುತ್ತೆ, ಜಾರುತ್ತೆ’ ಎಂದ ಅಪ್ಪ. ಆಮೇಲೆ ಅದೇ ದನಿಯಲ್ಲಿ ಕೇಳಿದ: ‘ಇಲ್ಲಿ ಓದಕ್ಕೆ ಹೆಂಗೆ ಕಲುಸ್ತೀರಿ?’

ಓದು ತಾನಾಗಿ ಬರುತ್ತದೆ, ಮಗು ಸಿದ್ಧವಾದಾಗ ಓದುತ್ತದೆ, ನಾವು ಒತ್ತಡ ಹಾಕುವುದಿಲ್ಲ ಎಂದರು ಅವರು. ಒಂದು ವಾರದ ಹಿಂದೆ ಆ ಮಾತು ನನ್ನ ಕಿವಿಗೆ ಜೇನಿನಂತೆ ಕೇಳಿಸುತ್ತಿತ್ತು. ಈಗ ಅದರ ಹಿಂದೆ ತಾತನ ದನಿ ಕೇಳಿಸಿತು. ಒಬ್ಬ ಪ್ರೀತಿಯಿಂದ ಹೇಳುತ್ತಿದ್ದಾನೆ, ಇನ್ನೊಬ್ಬ ಬೇಸತ್ತು ಹೇಳಿದ್ದ. ಆದರೆ ಓದಲು ಬಾರದ ಹುಡುಗನ ಕೈಗೆ ಇಬ್ಬರೂ ಕೊಡುತ್ತಿರುವುದು ಉಳಿಯನ್ನೇ.

ಸಿದ್ಧವಾದಾಗ ಓದುತ್ತಾರೆ ಎನ್ನುವುದು ಸುಳ್ಳೇನಲ್ಲ. ಎಷ್ಟೋ ಮಕ್ಕಳು ಐದಕ್ಕೆ ಓದದಿದ್ದರೂ ಏಳಕ್ಕೆ ಸಲೀಸಾಗಿ ಓದುತ್ತಾರೆ. ಆದರೆ ಕೆಲವು ಮಕ್ಕಳಿಗೆ ಕಾಯುವುದರಿಂದ ಏನೂ ಆಗುವುದಿಲ್ಲ. ಡಿಸ್‌ಲೆಕ್ಸಿಯಾ ಇರುವ ಮಗುವಿಗೆ ಅಕ್ಷರವನ್ನೂ ದನಿಯನ್ನೂ ಒಂದೊಂದಾಗಿ, ಕ್ರಮವಾಗಿ, ಬಿಡಿಸಿ ಬಿಡಿಸಿ ಕಲಿಸಬೇಕು, ಅದೂ ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಅದಕ್ಕೂ ಬುದ್ಧಿವಂತಿಕೆಗೂ ಸಂಬಂಧವಿಲ್ಲ. ಮನೆತನದಲ್ಲಿ ಹರಿದುಬರುವುದೂ ಉಂಟು. ನಾವು ಮಗನನ್ನು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಅದೇ ಎಂದರು. ‘ಮ’ ಮತ್ತು ‘ವ’ ಅವನಿಗೆ ಬೇರೆಯಾಗಿ ಕಾಣಿಸುತ್ತಿರಲಿಲ್ಲ. ಒತ್ತಕ್ಷರ ಬಂದರೆ ನಿಂತೇಬಿಡುತ್ತಿದ್ದ. ‘ಕರ್ನಾಟಕ’ ಎಂಬ ಪದವನ್ನೇ ನೋಡಿ. ಬಾಯಲ್ಲಿ ‘ರ್’ ಮೊದಲು ಬರುತ್ತದೆ, ‘ನಾ’ ಆಮೇಲೆ. ಬರಹದಲ್ಲಿ ‘ನಾ’ ಮೊದಲು, ಅರ್ಕಾವತ್ತು ಆಮೇಲೆ. ನಮಗೆ ಎಂದೋ ಅಭ್ಯಾಸವಾಗಿ ಹೋದದ್ದು ಅವನಿಗೆ ಪ್ರತಿ ಸಲವೂ ಒಗಟು.

ಹೊರಗಿನಿಂದ ನೋಡಿದರೆ ತಾಳ್ಮೆಯೂ ಅಸಡ್ಡೆಯೂ ಒಂದೇ ಥರ ಕಾಣುತ್ತವೆ. ಎರಡೂ ಮಗುವನ್ನು ಅದರ ಪಾಡಿಗೆ ಬಿಡುತ್ತವೆ. ಇವುಗಳನ್ನು ಬೇರೆ ಮಾಡಲು ನನಗೆ ಸಿಕ್ಕಿದ ದಾರಿ ಒಂದೇ. ಮೂರು ತಿಂಗಳಾದ ಮೇಲೆ ಆ ಮಗುವಿನ ಬಗ್ಗೆ ಅವರು ಏನೇನು ಹೇಳಬಲ್ಲರು ಎಂದು ಕೇಳಬೇಕು. ತಾಳ್ಮೆಯಿಂದ ಕಾದವರಿಗೆ ಅಷ್ಟರಲ್ಲಿ ಬಹಳ ಗೊತ್ತಿರುತ್ತದೆ. ಸುಮ್ಮನೆ ಬಿಟ್ಟವರು ‘ಖುಷಿಯಾಗಿದ್ದಾನೆ’ ಎನ್ನುತ್ತಾರೆ.

ಕೈಗೂ ಅಕ್ಷರಕ್ಕೂ ಜಗಳ ಇದೆ ಎಂದು ನಾನು ಅಂದುಕೊಂಡಿದ್ದೇ ತಪ್ಪು ಎಂದು ತಿಳಿದದ್ದೂ ಆ ದಿನಗಳಲ್ಲೇ. ಮಾರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನ ಬಡವರ ಬಡಾವಣೆಯೊಂದರಲ್ಲಿ ತನ್ನ ಮೊದಲ ಮಕ್ಕಳ ಮನೆ ತೆರೆದಳು. ಅದಕ್ಕೂ ಮೊದಲು ಆಕೆ ಕೆಲಸ ಮಾಡಿದ್ದು ಬುದ್ಧಿ ಸಾಲದು ಎಂದು ಬದಿಗೆ ತಳ್ಳಿದ್ದ ಮಕ್ಕಳ ಜೊತೆ. ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿ, ಮಗು ಅದರ ಮೇಲೆ ಬೆರಳಾಡಿಸುತ್ತ ಅದರ ದನಿ ಹೇಳುವಂತೆ ಮಾಡಿದಳು. 1939ರಲ್ಲಿ ಭಾರತಕ್ಕೆ ಬಂದು, ಯುದ್ಧದ ಕಾಲವನ್ನೆಲ್ಲ ಇಲ್ಲೇ ಕಳೆದು, ನಮ್ಮ ಎಷ್ಟೋ ಶಿಕ್ಷಕರಿಗೆ ತರಬೇತಿ ಕೊಟ್ಟಳು. ಆದರೆ ನಮ್ಮ ಕೂಲಿಮಠಗಳಲ್ಲೂ ಮರಳಿನ ಮೇಲೆ ಬೆರಳಿನಿಂದಲೇ ಅಕ್ಷರ ತಿದ್ದಿಸುತ್ತಿದ್ದರಲ್ಲವೇ? ಕೈ ಓದಿನ ಶತ್ರುವಲ್ಲ, ಅದರ ಹಳೆಯ ಬಾಗಿಲು. ಶಾಲೆಯಲ್ಲಿ ಕೈಕೆಲಸ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಆ ಬಾಗಿಲು ಮುಂದೆ ಎಲ್ಲಿಗಾದರೂ ತೆರೆದುಕೊಳ್ಳುತ್ತದೆಯೇ ಎಂದು ಕೇಳಬೇಕು.

ಇನ್ನೊಂದು ತೊಡಕು ಉಳಿದಿತ್ತು. ‘ಮಗುವಿನ ಮೇಲೆ ಪ್ರಯೋಗ ಮಾಡಬೇಡಿ’ ಎಂದರು ನೆಂಟರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಬೇರೆಯವರ ಬದುಕನ್ನು ಒಂದು ನಂಬಿಕೆಗಾಗಿ ಪಣಕ್ಕಿಡುವ ಹಕ್ಕು ನನಗೆಲ್ಲಿದೆ? ಎಂಟು ವರ್ಷದವನ ಒಪ್ಪಿಗೆಗೆ ಎಷ್ಟು ಬೆಲೆ? ಮರ ಉಜ್ಜಲು ಸಿಕ್ಕಿದರೆ ಅವನು ಯಾವುದಕ್ಕೂ ಹೂಂ ಅನ್ನುತ್ತಾನೆ. ಆದರೆ 48 ಮಕ್ಕಳ ನಡುವೆ, ಓದಲು ಬಾರದೆ ಓದುವವನಂತೆ ನಟಿಸುತ್ತ ಅವನು ಕಳೆದ ಎರಡು ವರ್ಷವೂ ಪ್ರಯೋಗವೇ ಆಗಿತ್ತು. ಎಲ್ಲರೂ ಮಾಡುವುದರಿಂದ ಅದಕ್ಕೆ ಆ ಹೆಸರಿಲ್ಲ, ಅಷ್ಟೇ. ಹಾಗೆ ನೋಡಿದರೆ ಎರಡು ದಾರಿಗಳ ನಡುವಿನ ನಿಜವಾದ ವ್ಯತ್ಯಾಸ ತಪ್ಪಾದಾಗ ಯಾರ ಮೇಲೆ ಬರುತ್ತದೆ ಎನ್ನುವುದರಲ್ಲಿದೆ. ಸಾಮಾನ್ಯ ಶಾಲೆಯಲ್ಲಿ ಮಗು ಸೋತರೆ ಜನ ಮಗುವನ್ನು ದಡ್ಡ ಎನ್ನುತ್ತಾರೆ. ಬೇರೆ ಥರದ ಶಾಲೆಯಲ್ಲಿ ಸೋತರೆ ಅಪ್ಪ ಅಮ್ಮನನ್ನು ಹುಚ್ಚರು ಎನ್ನುತ್ತಾರೆ. ನನ್ನ ಹಿಂಜರಿಕೆಯಲ್ಲಿ ಎಷ್ಟು ಪಾಲು ಮಗನ ಬಗೆಗಿನ ಕಾಳಜಿ, ಎಷ್ಟು ಪಾಲು ನನ್ನ ಹೆಸರು ಕೆಡಬಾರದೆಂಬ ಹೆದರಿಕೆ ಎಂದು ತೂಗಿ ನೋಡಿದಾಗ ನನಗೇ ನಾಚಿಕೆಯಾಯಿತು.

ಆಸೆಯನ್ನೂ ಹಾಗೇ ತೂಗಬೇಕಾಯಿತು. ನನಗೆ ಬೇಕಾಗಿದ್ದದ್ದು ಅವನಿಗೆ ಒಳ್ಳೆಯ ಶಾಲೆಯೋ, ನನ್ನ ಬಾಲ್ಯಕ್ಕೆ ಒಂದು ತಿದ್ದುಪಡಿಯೋ? ಬೆತ್ತ, ಬಾಯಿಪಾಠ, ಶುಕ್ರವಾರದ ಕಿರುಪರೀಕ್ಷೆಗಳಲ್ಲಿ ಬೆಳೆದವನು ಮಗನ ಮೂಲಕ ಇನ್ನೊಮ್ಮೆ ಬೆಳೆಯಲು ಹೊರಟಿದ್ದೆನೇ? ಗೆರೆ ಹಾಕಿದ ಪುಸ್ತಕ, ಟೀಚರ ನಕ್ಷತ್ರ, ನಿಗದಿಯಾದ ಗಂಟೆ, ಇವುಗಳಲ್ಲೇ ನೆಮ್ಮದಿ ಕಾಣುವ ಮಕ್ಕಳಿದ್ದಾರೆ. ನನ್ನ ತಂಗಿಯ ಮಗಳು ಅಂಥವಳು. ‘ನಿನಗೆ ಏನು ಇಷ್ಟವೋ ಅದು ಮಾಡು’ ಎಂದರೆ ಅವಳಿಗೆ ಅಳು ಬರುತ್ತದೆ. ಅವಳನ್ನು ಆ ಸ್ವಾತಂತ್ರ್ಯದೊಳಗೆ ನೂಕುವುದು, ನನ್ನ ಮಗನನ್ನು ಆ ಬೆಂಚಿನಲ್ಲಿ ಕೂರಿಸುವಷ್ಟೇ ಒರಟುತನ. ಶಾಲೆ ಒಳ್ಳೆಯದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೂ, ಈ ಮಗುವಿಗೆ, ಈ ವರ್ಷ, ಈ ಶಿಕ್ಷಕರ ಕೈಯಲ್ಲಿ ಒಳ್ಳೆಯದೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ನಾವು ಮತ್ತೊಮ್ಮೆ ಆ ಶಾಲೆಗೆ ಹೋದೆವು, ಈ ಸಲ ವರದಿ ಹಿಡಿದುಕೊಂಡು. ಮಕ್ಕಳು ಜಗಳವಾಡಿದರೆ ಏನು ಮಾಡುತ್ತೀರಿ? ಎಷ್ಟು ಶಿಕ್ಷಕರು ಮೂರು ವರ್ಷದಿಂದ ಇಲ್ಲೇ ಇದ್ದಾರೆ? ಹತ್ತನೇ ತರಗತಿಗೆ ಯಾವ ಪರೀಕ್ಷೆ ಬರೆಸುತ್ತೀರಿ? ನಡುವೆ ಬೇರೆ ಶಾಲೆಗೆ ಹೋದವರು ಹೇಗಿದ್ದಾರೆ, ಅವರ ಮನೆಯವರೊಂದಿಗೆ ಮಾತಾಡಬಹುದೇ? ಅವರು ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆ ಬರೆಸುತ್ತಾರೆಂದು ತಿಳಿಯಿತು. ಬಿಟ್ಟು ಹೋದ ಇಬ್ಬರ ಮನೆಯವರೂ ಮಾತಾಡಿದರು. ಒಬ್ಬರು ಹೊಗಳಿದರು, ಒಬ್ಬರು ತೆಗಳಿದರು. ಓದಿನ ವಿಷಯಕ್ಕೆ ಬಂದಾಗ ಹಿರಿಯ ಶಿಕ್ಷಕಿಯೊಬ್ಬರು, ‘ಇದನ್ನು ಕಲಿಸಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಕಲಿಸುವವರನ್ನು ನೀವು ಹುಡುಕಿದರೆ ದಿನಕ್ಕೆ ಒಂದು ಗಂಟೆ ಜಾಗ ಮಾಡಿಕೊಡುತ್ತೇವೆ, ನಾವೂ ಕೂತು ನೋಡುತ್ತೇವೆ’ ಎಂದರು. ಬರುವುದಿಲ್ಲ ಎಂದು ಹೇಳಿದ ಆ ಮಾತಿನಿಂದಲೇ ನಮಗೆ ಧೈರ್ಯ ಬಂತು.

ಸೇರಿಸಿದೆವು. ವರ್ಷಕ್ಕೊಮ್ಮೆ ಮತ್ತೆ ಯೋಚಿಸುವುದು, ಬೇಡವೆನ್ನಿಸಿದರೆ ಮರ್ಯಾದೆ ನೋಡದೆ ಟಿಸಿ ತರುವುದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಒಂದೂವರೆ ವರ್ಷವಾಯಿತು. ಪವಾಡವೇನೂ ನಡೆದಿಲ್ಲ. ಮಗ ಈಗ ಎರಡನೇ ತರಗತಿಯ ಪುಸ್ತಕವನ್ನು ನಿಧಾನವಾಗಿ, ತಡವರಿಸುತ್ತ ಓದುತ್ತಾನೆ. ವಯಸ್ಸಿಗೆ ಅದು ಹಿಂದೆಯೇ. ಆದರೆ ಗೊತ್ತಿಲ್ಲದ ಪದ ಬಂದರೆ ‘ಇದು ಗೊತ್ತಾಗ್ತಿಲ್ಲ’ ಎನ್ನುತ್ತಾನೆ. ನಾವು ಆರಿಸಿಕೊಂಡದ್ದು ಸರಿಯೇ ಎಂದು ಕೇಳಿದರೆ ಇವತ್ತೂ ನಾನು ಖಚಿತವಾಗಿ ಹೇಳಲಾರೆ. ಅವನಿಗೆ ಇಪ್ಪತ್ತು ವರ್ಷವಾದಾಗ ಅವನೇ ಹೇಳಬೇಕು.

ಅಪ್ಪ ಬಂದಾಗಲೆಲ್ಲ ಆ ಶಾಲೆಯ ಉಳಿಗಳನ್ನು ಸಾಣೆ ಹಿಡಿದುಕೊಡುತ್ತಾನೆ. ಮೊದಲ ಸಲ ಅವರು ದುಡ್ಡು ಕೊಡಲು ಬಂದಾಗ ಅವನು ತೆಗೆದುಕೊಂಡ. ನಾನು ಬೇಡವೆನ್ನು ಎಂದು ಕಣ್ಸನ್ನೆ ಮಾಡಿದ್ದಕ್ಕೆ ದಾರಿಯಲ್ಲಿ ಬೈದ: ‘ಕೆಲ್ಸ ಮಾಡ್ದೆ, ಕೂಲಿ ಇಸ್ಕಂಡೆ. ಅದ್ರಲ್ಲೇನು?’

ನನ್ನನ್ನು ಇನ್ನೂ ಕಾಡುವುದು ಬೇರೆ. ಹಳೆಯ ಶಾಲೆಯಲ್ಲಿ ಮಗನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ, ಡೈರಿಯಲ್ಲಿ ‘ಪಕ್ಕದವನನ್ನು ಮಾತಾಡಿಸುತ್ತಾನೆ’ ಎಂದು ಬರೆದಿದ್ದರಲ್ಲ, ಆ ಪಕ್ಕದವನು. ಒಂದು ದಿನ ಮಗ ಊಟ ಮಾಡುತ್ತ ಹೇಳಿದ, ‘ಅವನಿಗೂ ಬರಲ್ಲ ಅಪ್ಪ. ನಾನು ಹೇಳಿಕೊಡ್ತಿದ್ದೆ, ಅವನು ಒಪ್ಪಿಸ್ತಿದ್ದ.’ ಆ ಹುಡುಗನ ತಂದೆ ಆಟೋ ಓಡಿಸುತ್ತಾರೆ. ನಾವು ಹೊರಗೆ ಬಂದೆವು, ಅವನು ಅಲ್ಲೇ ಇದ್ದಾನೆ, ಈಗ ಹೇಳಿಕೊಡುವವನೂ ಇಲ್ಲದೆ. ನಮ್ಮಂಥವರು ಒಬ್ಬೊಬ್ಬರಾಗಿ ಬಾಗಿಲು ಹುಡುಕಿಕೊಂಡು ಹೊರಟರೆ ಒಳಗೆ ಕೇಳುವವರು ಯಾರು ಉಳಿಯುತ್ತಾರೆ? ನಿರ್ದಿಷ್ಟ ಕಲಿಕಾ ನ್ಯೂನತೆಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಸರು ಇದೆ. ಹೆಸರಿದ್ದರೆ ಸಾಲದು, ಪುಟ ಮಗುಚಿ ನೋಡುವ ಒಬ್ಬರು ಬೇಕು.

ಮರುದಿನ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಹಳೆಯ ಶಾಲೆಗೆ ಹೋದೆ. ಟೀಚರಿಗೆ ಎಲ್ಲ ಹೇಳಿದೆ. ಆಕೆ ತಪ್ಪು ತಿಳಿಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏನೇನು ನೋಡಬೇಕು ಅಂತ ಒಂದು ಹಾಳೇಲಿ ಬರೆದುಕೊಡ್ತೀರಾ? ನನ್ನ ಕ್ಲಾಸಲ್ಲಿ ಇನ್ನೂ ಮೂರು ನಾಲ್ಕು ಜನ ಇರಬಹುದು ಅನ್ನಿಸ್ತಿದೆ’ ಎಂದರು. ಸ್ಟಾಫ್ ರೂಮಿನಲ್ಲಿ ಕೂತು ಬರೆದುಕೊಟ್ಟೆ. ಮೊದಲನೆಯದು ಹೀಗಿತ್ತು: ಮಗು ಓದುವಾಗ ಮೆಲ್ಲಗೆ ಪುಟ ಮಗುಚಿ ನೋಡಿ.